ಕಲಾಯಿ ಇಲ್ಲದ ಗುಂಡಿ

ಹಿತ್ತಾಳೆ ಬೋಗುಣಿಯಲ್ಲಿ ಹುಣಸೆಹಣ್ಣಿನ ಸಾರು ಮಾಡಿ ರಾತ್ರಿಯೆಲ್ಲ ಹಾಗೇ ಬಿಟ್ಟರೆ ಏನಾಗುತ್ತೆ ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. "ಕಲಾಯಿ ಇಲ್ಲದ ಪಾತ್ರ್ಯಾಗ ಹುಳಿ ಇಡಬ್ಯಾಡ್ರಿ, ಕಿಲುಬು ಏಳ್ತೈತಿ" ಅಂತಾರೆ. ಹುಳಿ ತಾಮ್ರವನ್ನು ಕರಗಿಸಿ ಸಾರಿಗೆ ಬಿಡುತ್ತದೆ. ತವರದ ತೆಳುವಾದ ಒಂದು ಪದರ ಮಧ್ಯೆ ಇದ್ದರೆ ಅದು ಆಗೋದಿಲ್ಲ. ಅದಕ್ಕೇ ಕಲಾಯಿಯವನು ಓಣಿಗೆ ಬಂದರೆ ಮನೆ ಮನೆಯಿಂದ ಪಾತ್ರೆ ಹೊರಗೆ ಬರುತ್ತಿದ್ದವು.

ಈ ವಾರದ ವಿಷಯ ಅಡುಗೆ ಅಲ್ಲ, ಕಸ. ಆದರೆ ಊರ ಹೊರಗಿನ ಕಸದ ಗುಂಡಿಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಅಲ್ಲಿ ಹುಳಿ ಇದೆ, ಲೋಹ ಇದೆ, ನೀರಿದೆ. ಇಲ್ಲದ್ದು ಕಲಾಯಿ ಮಾತ್ರ.

ಕಸದ ರಾಶಿಯೊಳಗಿಂದ ಸೋಸಿ ಕೆಳಗೆ ಇಳಿಯುವ ಆ ಕಪ್ಪು-ಕಂದು ನೀರಿಗೆ ಎಂಜಿನಿಯರುಗಳು ಲೀಚೇಟ್ ಅಂತಾರೆ. ನಮ್ಮ ಕಡೆ ಜನ ಸುಮ್ಮನೆ "ಹೊಲಸು ನೀರು" ಅಂತಾರೆ. ಹೆಸರು ಯಾವುದಾದರೂ ಇರಲಿ, ಅದು ನಮ್ಮ ಸೀಮೆಯ ಬೋರ್‌ವೆಲ್‌ಗೆ ಹೇಗೆ ಬಂದು ಸೇರುತ್ತದೆ, ಅದನ್ನು ತಡೆಯುವ ಜಾಗ ಯಾವುದು, ಇಷ್ಟೇ ಇವತ್ತಿನ ಮಾತು.

ಗುಂಡಿಯೊಳಗಿನ ಅಡುಗೆ

ಹಸಿ ಕಸ, ಒಣ ಕಸ, ಸೆಲ್, ಟ್ಯೂಬ್‌ಲೈಟ್, ಪೇಂಟ್ ಡಬ್ಬಿ, ಡೈಪರ್ ಎಲ್ಲಾ ಒಂದೇ ರಾಶಿಯಾಗಿ ಬಿತ್ತು ಅಂದುಕೊಳ್ಳಿ. ಮೇಲೆ ಇನ್ನಷ್ಟು ಕಸ ಬಿದ್ದು ಗಾಳಿ ಆಡದಂತಾಗುತ್ತದೆ. ಒಳಗಿನ ಆಮ್ಲಜನಕ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆಮೇಲೆ ಗಾಳಿ ಬೇಡದ ಸೂಕ್ಷ್ಮಾಣುಗಳ ಸರದಿ. ಅನ್ನ, ಪಲ್ಯ, ಹಣ್ಣಿನ ಸಿಪ್ಪೆ ಎಲ್ಲವನ್ನೂ ಅವು ಹುಳಿ ಬರಿಸುತ್ತವೆ. ಈ ಹುಳಿ ರಸ ಬ್ಯಾಟರಿಯ ಸೀಸ, ಕ್ಯಾಡ್ಮಿಯಂ, ಹಳೇ ತಗಡಿನ ಸತುವನ್ನು ಕರಗಿಸಿಕೊಂಡು ಕೆಳಗೆ ಇಳಿಯುತ್ತದೆ.

ವರ್ಷಗಳು ಕಳೆದ ಮೇಲೆ ಹುಳಿ ಕಡಿಮೆಯಾಗಿ ಮೀಥೇನ್ ಅನಿಲ ಹುಟ್ಟತೊಡಗುತ್ತದೆ. ಆದರೆ ಅಮೋನಿಯಾ ಹೋಗುವುದಿಲ್ಲ. ಗುಂಡಿ ಮುಚ್ಚಿ ದಶಕಗಳಾದರೂ ಆ ನೀರಿನಲ್ಲಿ ಅದು ಇರುತ್ತದೆ.

ಕೊಳಕು ಎಷ್ಟು ಅಂತ ಅಳೆಯಲು ಬಿಒಡಿ ಎಂಬ ಲೆಕ್ಕ ಇದೆ. ನೀರಿನ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕದ ಅಳತೆ ಅದು. ಹಳ್ಳಕ್ಕೋ ನದಿಗೋ ಬಿಡುವ ಮುನ್ನ ಲೀಚೇಟಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂಗಿಂತ ಹೆಚ್ಚಿರಬಾರದು ಅನ್ನುತ್ತದೆ ನಿಯಮ. ಹೊಸ ಕಸದ ರಾಶಿಯಿಂದ ಇಳಿಯುವ ರಸದಲ್ಲಿ ಸಾಮಾನ್ಯವಾಗಿ ಇದು 2,000ದಿಂದ 30,000ದವರೆಗೆ ಇರುತ್ತದೆ. ಇಂಥ ನೀರು ಹಳ್ಳಕ್ಕೆ ಬಿದ್ದರೆ ಮೀನು ಸಾಯುವುದಕ್ಕೆ ವಿಷವೇ ಬೇಕಿಲ್ಲ, ಉಸಿರುಗಟ್ಟಿಯೇ ಸಾಯುತ್ತವೆ.

"ನಮ್ಮ ಕಡೆ ಮಳಿನ ಇಲ್ಲಲ್ರಿ"

ಈ ವಿಷಯ ತೆಗೆದಾಗಲೆಲ್ಲ ನನಗೆ ಸಿಗುವ ಮೊದಲ ಉತ್ತರ ಇದು. ಕೆಲಸ ಬಾಗಲಕೋಟೆ ನವನಗರದಲ್ಲಿ, ಮನೆ ಇಳಕಲ್ಲಿನಲ್ಲಿ. ವಾರಕ್ಕೊಮ್ಮೆ ಅಮೀನಗಡ, ಹುನಗುಂದ ದಾಟಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪಕ್ಕದ ಸೀಟಿನವರ ಜೊತೆ ಈ ಮಾತು ಎಷ್ಟೋ ಸಲ ಆಗಿದೆ. "ಅದೇನಿದ್ರೂ ಮಂಗಳೂರು, ಬೆಂಗಳೂರಿನ ಸಮಸ್ಯೆ ಬಿಡ್ರಿ. ನಮ್ಮ ಬಿಸಲಿಗೆ ಕಸ ಅಲ್ಲೇ ಒಣಗಿ ಹೋಗ್ತೈತಿ."

ಕೇಳಲು ಸರಿ ಅನ್ನಿಸುತ್ತೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550-600 ಮಿಲಿಮೀಟರ್. ಕರಾವಳಿಗೆ ಇದರ ಐದಾರು ಪಟ್ಟು. ಆದರೆ ಈ ವಾದದಲ್ಲಿ ಎರಡು ತೂತುಗಳಿವೆ.

ಒಂದನೆಯದು, ಕಸ ತನ್ನ ನೀರನ್ನು ತಾನೇ ಹೊತ್ತು ತರುತ್ತದೆ. ಸವತೆಕಾಯಿ, ಟೊಮೆಟೊ, ಸೊಪ್ಪಿನಲ್ಲಿ ನೂರಕ್ಕೆ 90 ಭಾಗಕ್ಕೂ ಹೆಚ್ಚು ನೀರೇ. ಉಳಿದ ಅನ್ನ-ಸಾರು, ಸಿಪ್ಪೆ ಎಲ್ಲ ಸೇರಿಸಿ ಅಡುಗೆಮನೆಯ ಹಸಿ ಕಸದಲ್ಲಿ ನೂರಕ್ಕೆ 70 ಭಾಗ ನೀರು ಅಂತಿಟ್ಟುಕೊಳ್ಳಿ. 10,000 ಮನೆಗಳ ಒಂದು ಊರು. ಮನೆಗೆ ದಿನಕ್ಕೆ ಅರ್ಧ ಕೆ.ಜಿ. ಹಸಿ ಕಸ. ಒಟ್ಟು 5,000 ಕೆ.ಜಿ. ಅದರಲ್ಲಿ ನೀರು 3,500 ಲೀಟರ್. ಒಂದಿಷ್ಟು ಬಿಸಿಲಿಗೆ ಆರಿ ಹೋಗುತ್ತದೆ, ನಿಜ. ಆದರೆ ರಾಶಿಯ ಮೇಲ್ಪದರ ಆರಬಹುದೇ ಹೊರತು ಒಳಗಿನದು ಆರುವುದಿಲ್ಲ. ಅಂದರೆ ಒಂದು ಹನಿ ಮಳೆ ಬೀಳದಿದ್ದರೂ ಇಡೀ ಊರು ಸೇರಿ ಎರಡು ದಿನಕ್ಕೆ ಒಂದು ಟ್ಯಾಂಕರಿಗಿಂತ ಹೆಚ್ಚು ನೀರನ್ನು ಗುಂಡಿಗೆ ಸುರಿಯುತ್ತಿದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ನಮಗೆ ಈ ಲೆಕ್ಕ ಬೇಗ ಅರ್ಥವಾಗಬೇಕು.

ಎರಡನೆಯದು, ನಮ್ಮ ಮಳೆ ವರ್ಷಪೂರ್ತಿ ಹಂಚಿಕೊಂಡು ಬರುವುದಿಲ್ಲ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಒಂದೇ ರಾತ್ರಿಗೆ ಸುರಿದು ಹೋಗುತ್ತದೆ. ಎಂಟು ತಿಂಗಳು ಕೂಡಿಟ್ಟದ್ದೆಲ್ಲ ಆ ಒಂದು ರಾತ್ರಿ ತೊಳೆದು ಹೊರಗೆ ಬರುತ್ತದೆ. ಕರಾವಳಿಯಲ್ಲಾದರೆ ಬೆರೆತು ತಿಳಿಯಾಗಲು ತುಂಬಿ ಹರಿಯುವ ಹೊಳೆ ಇರುತ್ತದೆ. ನಮ್ಮ ಹಳ್ಳಗಳಲ್ಲಿ ಅಷ್ಟು ನೀರೆಲ್ಲಿದೆ?

ಎರಿ, ಗ್ರಾನೈಟ್, ಮರಳುಗಲ್ಲು

ಹುನಗುಂದದ ಕಡೆ ಎರಿ ಭೂಮಿ. ಜಿಗುಟು ಮಣ್ಣು, ನೀರು ಇಳಿಯೋದಿಲ್ಲ ಅಂತ ನಂಬಿಕೆ. ಮಳೆಗಾಲದಲ್ಲಿ ಅದು ನಿಜವೂ ಹೌದು. ಆದರೆ ಬೇಸಿಗೆಯಲ್ಲಿ ಎರಿ ಹೊಲ ಹೇಗೆ ಬಾಯಿ ಬಿಡುತ್ತದೆ ಅಂತ ರೈತರಿಗೆ ಹೇಳಿಕೊಡಬೇಕಿಲ್ಲ. ಮೊಣಕೈವರೆಗೆ ಕೈ ಹೋಗುವಷ್ಟು ಬಿರುಕು. ಒಣಗಿದಾಗ ಬಿರುಕಿನಲ್ಲಿ ಕೆಳಕ್ಕೆ ಇಳಿಯುತ್ತದೆ, ಹಸಿಯಾದಾಗ ಮೇಲೆ ನಿಂತು ಪಕ್ಕದ ಹೊಲಕ್ಕೆ ಹರಿಯುತ್ತದೆ. ಎರಡರಲ್ಲಿ ಯಾವುದೂ ತಡೆಯಲ್ಲ.

ಇಳಕಲ್ಲಿನದು ಕೆಂಪು ಗ್ರಾನೈಟ್. ದೇಶ-ವಿದೇಶದ ಮನೆಗಳ ನೆಲಕ್ಕೆ ಹೋಗುವ ಕಲ್ಲು. ಕಲ್ಲು ತೆಗೆದ ಕ್ವಾರಿ ಕಂಡರೆ ಯಾರಿಗಾದರೂ ಕಸ ತುಂಬುವ ಯೋಚನೆ ಬರುತ್ತದೆ. "ಗಟ್ಟಿ ಕಲ್ಲು ಐತಿ, ನೀರು ಎಲ್ಲಿಗೆ ಹೋಗ್ತೈತಿ?" ಬೆಂಗಳೂರೂ ಹೀಗೇ ಮಾಡಿತು. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೇ ಕ್ವಾರಿಗಳಿಗೆ ಲಾರಿಗಟ್ಟಲೆ ಕಸ ಹೋಯಿತು. ಕಲ್ಲು ಗಟ್ಟಿ, ಒಪ್ಪೋಣ. ಆದರೆ ಗ್ರಾನೈಟ್ ಸೀಮೆಯಲ್ಲಿ ಬೋರ್ ಹಾಕಿಸಿದವರಿಗೆ ಗೊತ್ತು, ನೀರು ಸಿಗುವುದೇ ಕಲ್ಲಿನ ಬಿರುಕಿನಲ್ಲಿ. ಬೋರ್‌ವೆಲ್‌ಗೆ ನೀರು ಬರುವ ದಾರಿ, ಹೊಲಸು ನೀರು ಇಳಿಯುವ ದಾರಿ ಎರಡೂ ಒಂದೇ. ಕ್ವಾರಿ ಅಂದರೆ ಆ ಬಿರುಕುಗಳ ಬಾಯಿ ತೆರೆದಿಟ್ಟ ಜಾಗ. ಮೇಲಾಗಿ ಈ ಸೀಮೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಕಾಟ ಮೊದಲೇ ಇದೆ. ಅದು ಭೂಮಿ ಕೊಟ್ಟದ್ದು. ಇದು ನಾವು ಮೇಲಿಂದ ಸೇರಿಸುವುದು.

ಇನ್ನು ಬಾದಾಮಿ. ಗುಹೆಗಳ ಮುಂದೆ ನಿಂತು ಕೆಳಗೆ ನೋಡಿದರೆ ಅಗಸ್ತ್ಯತೀರ್ಥ ಕಾಣುತ್ತದೆ. ಸುತ್ತ ಮರಳುಗಲ್ಲಿನ ಗುಡ್ಡ, ನಡುವೆ ಹೊಂಡ. ಗುಡ್ಡದ ಮೇಲೆ ಬಿದ್ದ ಮಳೆ ಕಡೆಗೆ ಹೊಂಡಕ್ಕೇ ಬರುತ್ತದೆ ಅಂತ ಅಲ್ಲಿ ಪಾಠ ಮಾಡದೆಯೇ ತಿಳಿಯುತ್ತದೆ. ಎಲ್ಲ ಊರಿನಲ್ಲೂ ಇದೇ ನಿಯಮ, ಆದರೆ ನೆಲದ ಕೆಳಗೆ ನಡೆಯುವುದರಿಂದ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಕಸ ಎತ್ತರದಲ್ಲಿ ಬಿದ್ದರೆ ರಸ ತಗ್ಗಿಗೆ ಬರುತ್ತದೆ. ತಗ್ಗಿನಲ್ಲಿ ಯಾರದೋ ಹೊಲ, ಯಾರದೋ ಬೋರ್ ಇರುತ್ತದೆ.

ಮಾವಳ್ಳಿಪುರ ಮತ್ತು ಮಂದಾರ

ರಾಜ್ಯದಲ್ಲಿ ಇದನ್ನು ಅನುಭವಿಸಿದ ಎರಡು ಊರುಗಳ ಹೆಸರು ನೆನಪಿಟ್ಟುಕೊಳ್ಳಿ.

ಬೆಂಗಳೂರಿನ ಉತ್ತರಕ್ಕಿರುವ ಮಾವಳ್ಳಿಪುರಕ್ಕೆ ವರ್ಷಗಟ್ಟಲೆ ಮಹಾನಗರದ ಕಸ ಹೋಯಿತು. ನೀರು ಕೆಟ್ಟಿತು ಅಂತ ಊರವರು ರಸ್ತೆಗಿಳಿದರು, ಕೋರ್ಟಿಗೆ ಹೋದರು. 2012ರಲ್ಲಿ ಅಲ್ಲಿಗೆ ಕಸ ಹಾಕುವುದು ನಿಂತಿತು. ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಯಾಗಿ ನಿಂತಾಗಲೇ ಈ ಹಳ್ಳಿಯ ಹೆಸರು ಬಹಳ ಜನರಿಗೆ ಗೊತ್ತಾದದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಲ್ಲಿನ ಲೀಚೇಟ್ ಪರೀಕ್ಷಿಸಿದಾಗ ಸಿಒಡಿ ಎಂಬ ಇನ್ನೊಂದು ಕೊಳಕಿನ ಅಳತೆ ಲೀಟರಿಗೆ 10,000 ಮಿಲಿಗ್ರಾಂ ದಾಟಿತ್ತು. ಹಳ್ಳಕ್ಕೆ ಬಿಡಲು ನಿಯಮದ ಮಿತಿ 250. ಮಾವಳ್ಳಿಪುರ ಬಂದ್ ಆದ ಮೇಲೆ ಕಸ ಮಂಡೂರಿಗೆ ಹೋಯಿತು. ಅಲ್ಲಿಯೂ ಜನ ಸಿಡಿದೆದ್ದರು, 2014ರ ಡಿಸೆಂಬರ್ 1ರಿಂದ ಅಲ್ಲಿಗೂ ನಿಲ್ಲಿಸುತ್ತೇವೆ ಎಂದು ಸರ್ಕಾರ ಮಾತು ಕೊಡಬೇಕಾಯಿತು. ಕಸದ ಸಮಸ್ಯೆ ಬಗೆಹರಿಯಿತೇ? ಊರು ಬದಲಾಯಿತು ಅಷ್ಟೇ.

ಇನ್ನೊಂದು ಮಂಗಳೂರಿನ ಪಚ್ಚನಾಡಿ. 2019ರ ಆಗಸ್ಟ್ ತಿಂಗಳು ನಮಗೂ ಮರೆಯುವಂಥದ್ದಲ್ಲ. ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ನುಗ್ಗಿತ್ತು, ಬಾದಾಮಿ ತಾಲ್ಲೂಕಿನ ಊರುಗಳು ಮುಳುಗಿದ್ದವು. ಅದೇ ತಿಂಗಳು, ಅದೇ ಮುಂಗಾರಿನಲ್ಲಿ ಪಚ್ಚನಾಡಿಯ ಕಸದ ಬೆಟ್ಟ ನೀರು ಕುಡಿದು ಭಾರವಾಗಿ ಜಾರಿತು. ಕೆಳಗಿನ ಮಂದಾರ ಎಂಬ ಹಳ್ಳಿಯ ಅಡಿಕೆ-ತೆಂಗಿನ ತೋಟ, ಮನೆಗಳ ಮೇಲೆ ದಿನಗಟ್ಟಲೆ ನಿಧಾನವಾಗಿ ಹರಿದು ಬಂತು. 20ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೊರಟವು. ಕಸದ ರಸ ತೊರೆಯ ಮೂಲಕ ಫಲ್ಗುಣಿ ನದಿ ಸೇರಿತು. ಮಂದಾರದವರು ಆ ಕಸದಲ್ಲಿ ಒಂದು ಚೀಲವನ್ನೂ ಹಾಕಿದವರಲ್ಲ. ನಗರದ ಕಸ ಅದು.

ಚಿಗವ್ವನ ಪ್ರಶ್ನೆ

ದೂರದ ಊರಿನ ಮಾತಾಯಿತು. ಹತ್ತಿರದ್ದು ಒಂದು ಹೇಳುತ್ತೇನೆ. ಊರಿನ ಹೆಸರು ಬೇಡ.

ನಮ್ಮ ಸಂಬಂಧದ ಒಬ್ಬ ಚಿಗವ್ವನ ಹೊಲ ಒಂದು ಊರಿನ ಕಸದ ಜಾಗದ ಕೆಳಗಿದೆ. ಬೋರ್ ನೀರಿನಲ್ಲಿ ಬದನೆ, ಮೆಂತೆ, ಹುಳಚಿಕ್ಕ ಬೆಳೆದು ಸಂತೆಗೆ ಒಯ್ಯುತ್ತಾಳೆ. ಒಂದು ಮಳೆಗಾಲ ಕಳೆದ ಮೇಲೆ ನೀರಿಗೆ ಮಂಕು ಬಣ್ಣ ಬಂತು, ವಾಸನೆ ಬಂತು. ಟೆಸ್ಟ್ ಮಾಡಿಸಿದರು. ಕುಡಿಯಲು ಬಾರದು ಅಂತ ರಿಪೋರ್ಟ್ ಬಂತು. ಈಗ ಕುಡಿಯಲು ಘಟಕದಿಂದ 20 ಲೀಟರ್ ಕ್ಯಾನ್ ತರುತ್ತಾರೆ. ಎಮ್ಮೆಗೆ ಯಾರು ಕ್ಯಾನ್ ತರುತ್ತಾರೆ? ಅದಕ್ಕೆ ಅದೇ ಬೋರ್ ನೀರು.

"ದೊಡ್ಡವರಿಗೆ ಬರೆದು ಕೊಡೋಣ, ಪೇಪರಿಗೂ ಹೇಳೋಣ" ಅಂದೆ.

ಚಿಗವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಯಪ್ಪಾ, ಪೇಪರಿನ್ಯಾಗ ಬಂದ್ರ ಮೊದಲು ನಿಲ್ಲೂದು ಕಸದ ಗಾಡಿ ಅಲ್ಲ, ನನ್ನ ಬದನಿಕಾಯಿ ಯಾಪಾರ. ಈ ಹೊಲದ ಕಾಯಿಪಲ್ಯ ಅಂದ್ರ ಸಂತ್ಯಾಗ ಯಾರ್ ಮುಟ್ತಾರ? ಹೊಲ ಮಾರೂಣು ಅಂದ್ರ ಯಾರ್ ತಗೊಂತಾರ? ನೀನ ಹೇಳು, ನಾ ಏನ್ ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಕೆಟ್ಟ ನೀರಿನ ಬಗ್ಗೆ ಸುಮ್ಮನಿದ್ದರೆ ಮೈಗೆ ನಷ್ಟ, ಬಾಯಿ ಬಿಟ್ಟರೆ ಹೊಟ್ಟೆಗೆ ನಷ್ಟ. ಕಸದ ಗುಂಡಿಯ ಪಕ್ಕದವರು ಜೋರಾಗಿ ಕೂಗುವುದಿಲ್ಲ ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ.

ಮತ್ತೊಂದು ತೊಡಕು. ಆ ರಿಪೋರ್ಟು ನೀರು ಕೆಟ್ಟಿದೆ ಅಂತ ಹೇಳುತ್ತದೆ, ಕಸದ ಗುಂಡಿಯಿಂದಲೇ ಕೆಟ್ಟಿತು ಅಂತ ಹೇಳುವುದಿಲ್ಲ. ಅದನ್ನು ತೋರಿಸಬೇಕಾದರೆ ಗುಂಡಿಯ ಮೇಲ್ಬದಿಯ ಒಂದು ಬಾವಿ, ಕೆಳಬದಿಯ ಒಂದು ಬಾವಿ ಎರಡರ ನೀರನ್ನೂ ಮಳೆಗೆ ಮುಂಚೆ, ಮಳೆಯ ನಂತರ ಹೋಲಿಸಿ ನೋಡಬೇಕು. ಒಬ್ಬ ರೈತಮಹಿಳೆ ತನ್ನ ಖರ್ಚಿನಲ್ಲಿ ಮಾಡಿಸುವ ಕೆಲಸವಲ್ಲ ಅದು. ಗುಂಡಿ ನಡೆಸುವವರು ಮಾಡಬೇಕಾದದ್ದು. ಅಂತರ್ಜಲವನ್ನು ಆಗಾಗ ಪರೀಕ್ಷಿಸುತ್ತಿರಬೇಕು ಅಂತ ನಿಯಮದಲ್ಲೇ ಇದೆ.

ಕಲಾಯಿ ಹೇಗಿರಬೇಕು?

ನಿಯಮಗಳು ನಮ್ಮಲ್ಲಿ ಇಲ್ಲ ಅಂತಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2000ದಲ್ಲಿ ನಗರದ ಕಸಕ್ಕೆ ದೇಶದ ಮೊದಲ ನಿಯಮಗಳು ಬಂದವು. 2016ರಲ್ಲಿ ಅವುಗಳ ಜಾಗಕ್ಕೆ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಅವುಗಳ ಪ್ರಕಾರ ಕಸ ಹೂಳುವ ಜಾಗದ ತಳಕ್ಕೆ 90 ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ಪದರ, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಗಟ್ಟಿ ಪ್ಲಾಸ್ಟಿಕ್ ಹಾಳೆ ಇರಬೇಕು. ಇಳಿದ ರಸವನ್ನು ಪೈಪಿನಲ್ಲಿ ಹಿಡಿದು ಶುದ್ಧ ಮಾಡಬೇಕು. ನದಿಯಿಂದ 100 ಮೀಟರ್, ಕೆರೆ, ಮನೆಗಳು, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರ ಇರಬೇಕು. ಇದೇ ಗುಂಡಿಯ ಕಲಾಯಿ.

ಈಗ ನಿಮ್ಮೂರಿನ ಕಸ ಬೀಳುವ ಜಾಗ ನೆನಪಿಸಿಕೊಳ್ಳಿ. ಹೊಲದ ನಡುವೆಯೋ ಗುಡ್ಡದ ಓರೆಯಲ್ಲೋ ಬರೀ ನೆಲದ ಮೇಲೆ ಬಿದ್ದ ರಾಶಿಯಾಗಿದ್ದರೆ ಅದು ಗುಂಡಿಯೂ ಅಲ್ಲ, ಕಲಾಯಿಯ ಪ್ರಶ್ನೆಯೇ ಇಲ್ಲ. ಪಾತ್ರೆಯಾದರೆ ಸಾರು ಚೆಲ್ಲಿ, ತಿಕ್ಕಿ, ಮತ್ತೆ ಕಲಾಯಿ ಹಾಕಿಸಬಹುದು. ಹತ್ತಿಪ್ಪತ್ತು ವರ್ಷದ ರಾಶಿಯ ಕೆಳಗೆ ಈಗ ಹಾಳೆ ಹಾಸಲು ಆಗುವುದಿಲ್ಲ. ರಾಶಿಯನ್ನೇ ಅಗೆದು, ಜರಡಿ ಹಿಡಿದು, ಮಣ್ಣು-ಪ್ಲಾಸ್ಟಿಕ್ ಬೇರೆ ಮಾಡಿ ತೆಗೆಯಬೇಕು. ಬಯೋಮೈನಿಂಗ್ ಅಂತ ಕರೆಯುವ ಈ ಕೆಲಸ ಸ್ವಚ್ಛ ಭಾರತದ 2021ರ ಎರಡನೇ ಹಂತದ ಗುರಿಗಳಲ್ಲಿ ಒಂದು. ಒಳ್ಳೆಯದೇ. ಆದರೆ ಒಂದು ಕಡೆ ಅಗೆಯುತ್ತಾ ಇನ್ನೊಂದು ಕಡೆ ಅದೇ ಮಿಶ್ರ ಕಸ ಸುರಿಯುತ್ತಾ ಹೋದರೆ?

ಅದಕ್ಕೇ ನನಗನ್ನಿಸುವುದು, ಈ ಹೊಲಸು ನೀರನ್ನು ಸುಲಭವಾಗಿ ತಡೆಯುವ ಜಾಗ ಗುಂಡಿಯ ತಳ ಅಲ್ಲ, ನಮ್ಮ ಸಿಂಕಿನ ಪಕ್ಕದ ಬಕೆಟ್ಟು. ಹುಳಿ ಹುಟ್ಟುವುದು ಹಸಿ ಕಸದಿಂದ, ನೀರು ಬರುವುದೂ ಹೆಚ್ಚಾಗಿ ಅದರಿಂದಲೇ. ಹಸಿ ಕಸ ರಾಶಿಗೆ ಹೋಗದಿದ್ದರೆ ಉಳಿದದ್ದು ಒಣಗಿದ ಪ್ಲಾಸ್ಟಿಕ್, ಕಾಗದ. ಅದರಿಂದ ರಸ ಇಳಿಯುವುದು ಬಹಳ ಕಡಿಮೆ. ನಮ್ಮ ಹಿರಿಯರ ತಿಪ್ಪೆ ನೆನಪಿದೆಯಲ್ಲ? ಸಗಣಿ, ಬೂದಿ, ಮೇವಿನ ಕಸ, ಮುಸುರೆ ಅಷ್ಟೇ. ಅದು ಗೊಬ್ಬರವಾಗಿ ಹೊಲಕ್ಕೇ ಹೋಗುತ್ತಿತ್ತು. ದೀಪಾವಳಿಗೆ ತಿಪ್ಪೆಗೂ ಪೂಜೆ ಮಾಡುವ ಮನೆಗಳು ನಮ್ಮಲ್ಲಿವೆ. ಇವತ್ತಿನ ಕಸದ ರಾಶಿಗೆ ಪೂಜೆ ಮಾಡುವ ಧೈರ್ಯ ಯಾರಿಗಿದೆ?

ಈ ವಾರ ಮಾಡಬಹುದಾದದ್ದು

ಬಾಡಿಗೆ ಮನೆ, ಎರಡನೇ ಮಹಡಿ, ಬೆಳಿಗ್ಗೆ ಒಂಬತ್ತಕ್ಕೆ ಆಫೀಸು. ನಿಮ್ಮ ಪರಿಸ್ಥಿತಿಯೇ ನನ್ನದೂ. ಆದರೂ ಇಷ್ಟು ಆಗುತ್ತದೆ:

ಒಂದು, ಸಿಂಕಿನ ಹತ್ತಿರ ತೂತಿನ ಜಾಲರಿ ಬುಟ್ಟಿ ಇಡಿ. ಹಸಿ ಕಸದ ನೀರು ಅಲ್ಲೇ ಸೋರಿ ಹೋಗಲಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಬೇಡಿ.

ಎರಡು, ಬಾಲ್ಕನಿ ಇದ್ದರೆ ಒಂದು ಮಣ್ಣಿನ ಗಡಿಗೆ ಸಾಕು. ಒಂದು ಪದರ ಹಸಿ ಕಸ, ಒಂದು ಪದರ ಒಣಗಿದ್ದು. ತೆಂಗಿನ ನಾರಿನ ಪುಡಿ ಹುಡುಕಬೇಕಿಲ್ಲ, ಕಬ್ಬಿನ ರವದಿ ನಮ್ಮ ಜಿಲ್ಲೆಯಲ್ಲಿ ಧಾರಾಳ. ಒಣ ಎಲೆಯಾದರೂ ನಡೆಯುತ್ತದೆ. ವಾಸನೆ ಬಂದರೆ ಒಣಗಿದ್ದು ಕಡಿಮೆಯಾಗಿದೆ ಅಂತ ಅರ್ಥ. ಗಡಿಗೆಯಿಂದ ರಸ ಇಳಿದರೂ ಅದೇ ಅರ್ಥ.

ಮೂರು, ಸೆಲ್, ಟ್ಯೂಬ್‌ಲೈಟ್, ಹಳೇ ಚಾರ್ಜರ್, ಅವಧಿ ಮುಗಿದ ಔಷಧಿ ಒಂದು ಡಬ್ಬಿಯಲ್ಲಿ ಬೇರೆ ಇಡಿ. ಡಬ್ಬಿ ತುಂಬಲು ತಿಂಗಳುಗಳೇ ಬೇಕು. ಕಸದ ಗಾಡಿಯವರಿಗೆ ಕೊಡುವಾಗ ಬೇರೆ ಅಂತ ಹೇಳಿ ಕೊಡಿ.

ನಾಲ್ಕು, "ನಾವು ಬೇರೆ ಮಾಡಿ ಕೊಟ್ರೂ ಗಾಡ್ಯಾಗ ಒಂದೇ ಕಡೆ ಹಾಕ್ತಾರ್ರೀ" ಅನ್ನುವವರು ಬಹಳ. ನಿಜ ಇರಬಹುದು. ಹಾಗಿದ್ದರೆ ನಿಮ್ಮ ವಾರ್ಡಿನ ಸದಸ್ಯರಿಗೆ ಮೂರು ಪ್ರಶ್ನೆ ಕೇಳಿ. ನಮ್ಮ ಹಸಿ ಕಸ ಎಲ್ಲಿ ಗೊಬ್ಬರ ಆಗುತ್ತದೆ? ಕಸದ ಜಾಗದ ತಳದಲ್ಲಿ ಏನಿದೆ? ಅದರ ಸುತ್ತಲಿನ ಬಾವಿ ನೀರನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದ್ದು? ಒಬ್ಬರು ಕೇಳಿದರೆ ನಕ್ಕು ಕಳಿಸುತ್ತಾರೆ. ಅಪಾರ್ಟ್‌ಮೆಂಟಿನ ಗ್ರೂಪಿನಿಂದ 20 ಜನ ಕೇಳಿದರೆ ಫೈಲ್ ಹುಡುಕುತ್ತಾರೆ.

ಐದು, ಕಸದ ಜಾಗದ ಹತ್ತಿರ ನಿಮ್ಮದೋ ನಿಮ್ಮ ಬಂಧುಗಳದೋ ಬೋರ್ ಇದ್ದರೆ ನೀರಿನ ಪರೀಕ್ಷೆಯಲ್ಲಿ ಟಿಡಿಎಸ್, ಕ್ಲೋರೈಡ್, ನೈಟ್ರೇಟ್, ಅಮೋನಿಯಾ ನಾಲ್ಕನ್ನೂ ಕೇಳಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಅದು ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಕಾಯಿಸಿ ಕೊಟ್ಟರೆ ಆಯ್ತು ಅನ್ನಬೇಡಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಇಷ್ಟರಿಂದ ಕೆಟ್ಟ ಬೋರ್ ನಾಳೆಯೇ ತಿಳಿಯಾಗುವುದಿಲ್ಲ. ನೆಲದ ಕೆಳಗೆ ಇಳಿದದ್ದು ತಿಳಿಯಾಗಲು ನಮ್ಮ ಆಯುಷ್ಯ ಸಾಲದೇ ಇರಬಹುದು. ಆದರೆ ಇವತ್ತಿನಿಂದ ಇಳಿಯುವುದನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ. ದಿನಕ್ಕೆ ಅರ್ಧ ಕೆ.ಜಿ. ಲೆಕ್ಕದಲ್ಲಿ.

ನಿಮ್ಮೂರಿನ ಕಸ ಕೊನೆಗೆ ಎಲ್ಲಿಗೆ ಹೋಗಿ ಬೀಳುತ್ತದೆ, ಅದರ ತಗ್ಗಿನಲ್ಲಿ ಯಾರ ಹೊಲ ಇದೆ, ಗೊತ್ತೇ? ಒಂದು ಭಾನುವಾರ ಹೋಗಿ ನೋಡಿ ಬಂದು ಬರೆಯಿರಿ. ಹೊಲದವರ ಹೆಸರು ಮಾತ್ರ ಬರೆಯಬೇಡಿ. ಅವರಿಗೂ ಸಂತೆ ಇದೆ.